ಗುಗ್ಗೆ ತೆಗೆಸಿಕೊಂಡ ಸ್ಪೀಕರ್

ಸ್ಪೀಕರ್ ಕಂಪನಿಯ ದೂರು ವಿಭಾಗವನ್ನು ಅಲಂಕರಿಸಿರುವ ಮಾನ್ಯರೇ,

‘ಹರಿದ ಸೆರಗಿಗೆ ಸೂಜಿಯುಂಟು, ಹರಿದ ದನಿಗೆ ಯಾರುಂಟು’ ಎಂದೋ, ‘ಏನುಂಟು’ ಎಂದೋ, ಎಲ್ಲೋ ಓದಿದ ಸಾಲೊಂದು ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಬರೆದವರ ಮನೆಯಲ್ಲಿ ಬಿಳಿ ಗೋಂದು ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿತ್ತು, ಆದ್ದರಿಂದಲೇ ಈ ಪತ್ರ. ತಾವು ಕ್ಷೇಮವೆಂದು ನಂಬಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಅತ್ತೆಗೆ ಕಿವಿ ಮಂದ. ಶ್ರವಣಯಂತ್ರ ತರೋಣವೆಂದರೆ ‘ಕಿವಿಯೊಳಗೆ ಹುಳ ಬಿಟ್ಕೊಂಡು ತಿರುಗೋಕೆ ನಂಗೇನು ಹುಚ್ಚೇ’ ಎನ್ನುತ್ತಾರೆ. ಆದರೆ ತಮ್ಮ ಸ್ಪೀಕರಿಗೆ ಕೆನ್ನೆಯಾನಿಸಿ ಕುಳಿತರೆ ರೇಡಿಯೊದ ಮಧ್ಯಾಹ್ನದ ಕಥೆ ಅವರಿಗೆ ಪೂರ್ತಿ ದಕ್ಕುತ್ತದೆ. ಹೊರಲೋಕದೊಂದಿಗೆ ಅವರಿಗೆ ಉಳಿದಿರುವ ನಂಟು ಅದೊಂದೇ. ಮೊನ್ನೆ ಕಥೆ ಓದುವವನ ದನಿ ಮಂಕಾಗಿದೆ ಎನ್ನಿಸಿತಂತೆ. ಸ್ವಂತ ಕಿವಿಯನ್ನು ಅನುಮಾನಿಸುವುದು ಅವರ ಜಾಯಮಾನವಲ್ಲ. ‘ಪಾಪ, ಇದಕ್ಕೆ ಗುಗ್ಗೆ ಕಟ್ಟಿದೆ ಕಣೇ’ ಎಂದು ಜಾಲರಿ ಕಳಚಿ, ಹೇರ್‌ಪಿನ್ನಿನಿಂದ ಶುಚಿಮಾಡಿದರು. ಅಷ್ಟು ಅಕ್ಕರೆಯಿಂದ ನನ್ನ ಗಂಡನ ಕಿವಿಯನ್ನೂ ಶುಚಿಮಾಡಿರಲಿಕ್ಕಿಲ್ಲ. ಒಳಗೆ ದನಿ ಹೊರಡಿಸುವ ಕಾಗದದ ಬಟ್ಟಲು ಬೆರಳುದ್ದ ಸೀಳಿತು.

ತೆಳು ಕಾಗದಕ್ಕೆ ನೀರು ಬೆರೆಸಿದ ಗೋಂದು ಸವರಿ ತೇಪೆ ಹಾಕಬೇಕೆಂದು ಬಲ್ಲವರು ಹೇಳಿದರು. ನನ್ನ ಕವನ ಸಂಕಲನಗಳಿಗೆ ಕೈ ಹಾಕಲು ನಾನು ಬಿಡಲಿಲ್ಲ. ಪದಬಂಧದ ಹಾಳೆಗಳನ್ನು ಗಂಡ ಬಿಡಲಿಲ್ಲ. ಮನೆಯಲ್ಲಿ ಯಾರೂ ಓದದ ಕಾಗದ ಒಂದೇ ಉಳಿದಿತ್ತು: ತಮ್ಮ ಗ್ಯಾರಂಟಿ ಪತ್ರ. ಅದರ ನಯವನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮ ಭರವಸೆ ಇಷ್ಟೊಂದು ತೆಳುವೆಂದು ಗೋಂದು ಹಚ್ಚಿದ ಮೇಲೆಯೇ ನಮಗೆ ತಿಳಿದದ್ದು. ಆದರೆ ತೇಪೆ ಒಣಗಿದಂದಿನಿಂದ ಕಥೆಯ ರಾಣಿ, ಸೇನಾಪತಿ, ಹಸುಗೂಸು ಎಲ್ಲರೂ ನೆಗಡಿಯಾದ ಗುಮಾಸ್ತ ಷರತ್ತು ಓದುವ ದನಿಯಲ್ಲೇ ಮಾತಾಡುತ್ತಾರೆ. ಅತ್ತೆ ಕೆನ್ನೆ ತೆಗೆದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಮೂಲ ಗ್ಯಾರಂಟಿ ಪತ್ರವಿಲ್ಲದೆ ಮುಟ್ಟುವುದಿಲ್ಲ, ಸ್ಪೀಕರ್ ಬಿಚ್ಚಿದ್ದರೆ ಗ್ಯಾರಂಟಿಯೇ ಇಲ್ಲ ಎಂದು ತಮ್ಮ ಕಚೇರಿಯವರು ಫೋನಿನಲ್ಲಿ ಮಧುರವಾಗಿ ತಿಳಿಸಿದರು. ನ್ಯಾಯವೇ. ಪತ್ರ ಸುರಕ್ಷಿತವಾಗಿದೆ, ತೋರಿಸಲು ಸ್ಪೀಕರ್ ಬಿಚ್ಚಬೇಕು, ಅಷ್ಟೇ. ಆದ್ದರಿಂದ ಕಣ್ಣು ಚುರುಕಾದ ಅಧಿಕಾರಿಯೊಬ್ಬರನ್ನು ಕಳುಹಿಸಿ, ಜಾಲರಿಯ ತೂತುಗಳಿಂದಲೇ ಅದನ್ನು ಓದಿಸಿಕೊಳ್ಳಬೇಕಾಗಿ ಪ್ರಾರ್ಥನೆ. ರೇಡಿಯೊ ಹಾಕಿದಾಗ ಅಕ್ಷರಗಳು ನಡುಗುತ್ತವೆ, ಅವರು ಗಾಬರಿಯಾಗಬಾರದು. ಅದೂ ಆಗದಿದ್ದರೆ ಕಥೆ ಓದುವವನನ್ನೇ ದಿನವೂ ಮನೆಗೆ ಕಳುಹಿಸಿಕೊಡಿ. ಅವನ ಬೆನ್ನಿಗೆ ಕೆನ್ನೆಯಾನಿಸಿ ಕೇಳಲು ಅತ್ತೆಯ ಅಭ್ಯಂತರವಿಲ್ಲ.

ಅಲ್ಲಿಯವರೆಗೆ ನಾನು ಕಥೆಯನ್ನು ಫೋನಿನಲ್ಲಿ ಕೇಳಿಕೊಂಡು, ಅವರ ಕಿವಿಗೆ ಬಾಯಿಟ್ಟು ಕೂಗಿ ಹೇಳುತ್ತಿದ್ದೇನೆ. ಅತ್ತೆ ಈಗ ನನ್ನ ಕಡೆ ತಿರುಗಿ ಮಲಗುತ್ತಾರೆ.

ಗಂಟಲು ಕಟ್ಟಿರುವ,
ತಮ್ಮ ವಿಶ್ವಾಸಿ,
ಸೊಸೆ

ತಾ.ಕ.: ನಿನ್ನೆ ಸ್ಪೀಕರನ್ನು ಬೀರುವಿನ ಮೇಲೆ ಎತ್ತಿಟ್ಟು, ನಾಯಕ ನಾಯಕಿಯ ಕಿವಿಯಲ್ಲಿ ಪಿಸುಗುಟ್ಟುವ ಭಾಗವನ್ನು ಅತ್ತೆಗೆ ಕೂಗಿ ಹೇಳುತ್ತಿದ್ದಾಗ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. ಇಷ್ಟು ವರ್ಷ ತಮ್ಮ ಸ್ಪೀಕರಿನ ಬಗ್ಗೆ ಒಂದೂ ಒಳ್ಳೆಯ ಮಾತಾಡದ ಅವರು ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನು ತಾವು ಜಾಹೀರಾತಿಗೆ ಧಾರಾಳವಾಗಿ ಬಳಸಿಕೊಳ್ಳಬಹುದು: ‘ಅಂತೂ ರಿಪೇರಿ ಮಾಡಿಸಿದ್ರಲ್ಲ, ಒಳ್ಳೇದಾಯ್ತು. ಮೊದಲಿಗಿಂತ ಸ್ಪಷ್ಟವಾಗಿದೆ. ಒಂಚೂರು ಸಣ್ಣಗೆ ಇಡಿ, ಅಷ್ಟೆ.’