ಅತ್ತಿಗೆಗೊಂದು ಕಲಮು

ನಮ್ಮ ಚಿಕ್ಕಪ್ಪ ಈವರೆಗೆ ಯಾವ ಪ್ರಶ್ನೆಗೂ ಮೊದಲ ಸಲಕ್ಕೇ ‘ಹೂಂ’ ಅಂದವರಲ್ಲ. ಅವರು ಮದುವೆಯಾಗದೆ ಉಳಿದದ್ದಕ್ಕೂ ಇದೇ ಕಾರಣ ಎಂಬುದು ಮನೆಮಂದಿಯ ಗಟ್ಟಿ ಅನುಮಾನ. ಹೆಣ್ಣು ನೋಡಲು ಹೋಗಿದ್ದಾಗ, ಉಪ್ಪಿಟ್ಟು ಕಾಫಿಯೆಲ್ಲ ಮುಗಿದ ಮೇಲೆ, ಹುಡುಗಿಯ ತಂದೆ ‘ಒಪ್ಪಿಗೆ ತಾನೆ?’ ಎಂದು ಕೇಳಿದರಂತೆ. ಚಿಕ್ಕಪ್ಪ ‘ನಮ್ಮವರ ಜೊತೆ ಚರ್ಚೆ ಮಾಡಿ ತಿಳಿಸ್ತೀನಿ’ ಎಂದು ಎದ್ದು ಹೊರಗೆ ಹೋಗಿ ನಿಂತರಂತೆ. ಮಾತುಕತೆಯ ನಡುವೆ ಒಬ್ಬರು ಎದ್ದು ಹೊರನಡೆದರೆ ಎದುರಿನವರು ಬಂದು ಕರೆಯಬೇಕು. ಅದು ಕಾರ್ಖಾನೆಗಳ ಪದ್ಧತಿ. ಹುಡುಗಿಯ ಕಡೆಯವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವರು ಬಾಗಿಲು ಹಾಕಿಕೊಂಡರು!

ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪು ದಾಟಿ ಇನ್ನೂ ಮುಂದಕ್ಕೆ ಹೋದರೆ ಸಿಗುವ, ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಚಿಕ್ಕಪ್ಪ ಕಾರ್ಮಿಕ ಸಂಘದ ಕಾರ್ಯದರ್ಶಿ. ಕೆಲವು ವರ್ಷಗಳಿಗೊಮ್ಮೆ ಅಲ್ಲಿ ಸಂಘಕ್ಕೂ ಆಡಳಿತದವರಿಗೂ ವೇತನ ಒಪ್ಪಂದ ಆಗುತ್ತದೆ. ಸಂಬಳ, ತುಟ್ಟಿಭತ್ಯೆ, ಬೋನಸ್ಸು, ಕ್ಯಾಂಟೀನ್ ತಿಂಡಿ, ಸೋಪು, ಶೂ, ಆಸ್ಪತ್ರೆ ಖರ್ಚು ಎಲ್ಲವೂ ಅದರೊಳಗೆ. ಒಂದು ಒಪ್ಪಂದ ಮುಗಿದು ಇನ್ನೊಂದು ಬರುವವರೆಗೆ ಚಿಕ್ಕಪ್ಪನಿಗೆ ಕೈ ಕಡಿಯುತ್ತದೆ. ಆಗ ಅವರು ನಮ್ಮ ಮೇಲೆ ಅಭ್ಯಾಸ ಮಾಡುತ್ತಾರೆ.

ನಮ್ಮ ಮೇಲೆ ಎಂದರೆ, ನಮ್ಮ ಪರವಾಗಿ ಅಂದುಕೊಂಡಿರಾ? ಒಮ್ಮೆ ಇಂದಿರಾನಗರದಿಂದ ಹಲಸೂರಿನ ನಮ್ಮ ಮನೆಗೆ ಇಬ್ಬರೂ ಆಟೋದಲ್ಲಿ ಬಂದೆವು. ನಾನು ಮೀಟರ್ ಎಷ್ಟು ತೋರಿಸಿತೋ ಅಷ್ಟನ್ನು ಕೊಡಲು ಪರ್ಸು ತೆಗೆದೆ. ಚಿಕ್ಕಪ್ಪ ನನ್ನ ಕೈ ಹಿಡಿದರು.

‘ಏನಣ್ಣ, ವಾಪಸ್ ಖಾಲಿ ಹೋಗ್ತೀಯಲ್ಲ, ಅದನ್ನ ಯಾರು ಕೊಡ್ತಾರೆ?’

ಡ್ರೈವರ್ ಕಕ್ಕಾಬಿಕ್ಕಿ. ‘ಪರವಾಗಿಲ್ಲ ಸಾರ್...’

‘ಪರವಾಗಿಲ್ಲ ಅಂತ ಯಾವತ್ತೂ ಮೊದಲು ನೀನು ಹೇಳ್ಬಾರ್ದು! ಅವ್ನು ಹೇಳ್ಬೇಕು.’

‘ಅವ್ನು’ ಎಂದರೆ ನಾನು. ಆಡಳಿತ ವರ್ಗ. ಚಿಕ್ಕಪ್ಪ ಏರಿಸಿದ ಬಾಡಿಗೆಯನ್ನು ಕೊನೆಗೆ ಡ್ರೈವರೇ ನನ್ನ ಮೇಲೆ ಕನಿಕರಪಟ್ಟು ಸ್ವಲ್ಪ ಇಳಿಸಿದ. ಮನೆಗೆಲಸದಾಕೆಗೆ ವಾರದ ರಜೆ ಕೊಡಿಸಿದ್ದೂ ಇವರೇ. ಆ ದಿನ ನನ್ನ ಹೆಂಡತಿ ಸಿಂಕಿನ ಮುಂದೆ ನಿಂತು, ‘ಇವರು ಊಟ ಮಾಡೋದು ನಮ್ಮನೇಲಿ, ಸೇರಿರೋದು ಯಾವ ಪಕ್ಷ?’ ಎಂದು ಪಾತ್ರೆಗಳನ್ನೇ ಕೇಳುತ್ತಿದ್ದಳು.

ನನ್ನ ಕೆಲಸದ ಬಗ್ಗೆ ಚಿಕ್ಕಪ್ಪನಿಗೆ ಗೌರವವಿಲ್ಲ. ನನ್ನದು ಗಾಜಿನ ಕಟ್ಟಡದ ಆಫೀಸು. ಸಂಘವಿಲ್ಲ, ಒಪ್ಪಂದವಿಲ್ಲ; ಬುಧವಾರ ಬಾಳೆಹಣ್ಣು ಇಡುತ್ತಾರೆ.

‘ನಿಮ್ಮಲ್ಲಿ ಮನೇಲಿ ಯಾರಾದ್ರೂ ಸತ್ರೆ ಎಷ್ಟು ದಿನ ರಜೆ?’ ಎಂದರು ಒಮ್ಮೆ.

‘ಹಾಗೇನಿಲ್ಲ. ಮ್ಯಾನೇಜರ್‌ಗೆ ಮೇಲ್ ಹಾಕ್ಬೇಕು.’

‘ಯಾರು ಹಾಕ್ಬೇಕು? ಸತ್ತೋರಾ, ಉಳಿದೋರಾ?’

ನಗಬೇಕಾದ ಮಾತು. ಆದರೆ ನಾನು ಚಿಂತೆಯ ಮನುಷ್ಯ. ನಗುವ ಮೊದಲು ಒಂದಿಷ್ಟು ಹೊತ್ತು ಅದನ್ನೇ ಯೋಚಿಸಿದೆ. ನನ್ನ ಚಿಂತೆಗೆ ವಾರದ ರಜೆಯೂ ಇಲ್ಲ. ಈ ವರ್ಷ ನಮ್ಮ ಆಫೀಸಿನವರು ಬಣ್ಣಬಣ್ಣದ ಬಲೂನುಗಳ ಚಿತ್ರವಿದ್ದ ಒಂದು ಮೇಲ್ ಕಳಿಸಿ, ಇನ್ನು ಮುಂದೆ ಆಸ್ಪತ್ರೆಯ ವಿಮೆಯಲ್ಲಿ ತಂದೆ ತಾಯಿ ಇರುವುದಿಲ್ಲ ಎಂದು ತಿಳಿಸಿದರು. ಬಲೂನು ಏಕೆ ಎಂದು ಈಗಲೂ ನನಗೆ ಅರ್ಥವಾಗಿಲ್ಲ.

ಆ ಹೊತ್ತಿಗೆ ಸರಿಯಾಗಿ ಅಮ್ಮನ ಮಂಡಿಗಳು ಪೂರ್ತಿ ಕೈಕೊಟ್ಟವು. ನಮ್ಮ ಮನೆ ಮೊದಲ ಮಹಡಿ. ಮಂಡಿ ಬದಲಿಸಲೇಬೇಕು ಎಂದರು ಡಾಕ್ಟರು. ಸಾಲ ಮಾಡುತ್ತೇನೆ ಎಂದೆ. ‘ನಿನ್ನ ಮಕ್ಕಳ ಫೀಸನ್ನ ನನ್ನ ಮಂಡಿಗೆ ಹಾಕ್ಬೇಡ. ಕೆಳಗಡೆ ಏನಿದೆ ಅಂತ ಇಳೀಬೇಕು?’ ಎಂದಳು ಅಮ್ಮ. ಕೆಳಗಡೆ ಏನಿದೆ! ಅವಳ ಸ್ನೇಹಿತೆಯರು, ತರಕಾರಿ ಗಾಡಿ, ಸಂಜೆಯ ದೇವಸ್ಥಾನ, ಇಡೀ ಹಲಸೂರು ಇತ್ತು. ಅವಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡಳು.

ಚಿಕ್ಕಪ್ಪನಿಗೆ ಹೆತ್ತವರ ಮುಖವೇ ಸರಿಯಾಗಿ ನೆನಪಿಲ್ಲ. ಅಣ್ಣನನ್ನು ಮದುವೆಯಾಗಿ ಬಂದ ನನ್ನ ಅಮ್ಮನೇ ಅವರಿಗೆ ಸ್ನಾನ ಮಾಡಿಸಿ, ಚಡ್ಡಿ ಹಾಕಿ, ಸ್ಕೂಲಿಗೆ ಕಳಿಸಿದವಳು. ಇದೇ ವರ್ಷ ಕಾರ್ಖಾನೆಯಲ್ಲಿ ಹೊಸ ಒಪ್ಪಂದದ ಮಾತುಕತೆ ಶುರುವಾಗಿತ್ತು. ಸಂಘದ ಬೇಡಿಕೆಗಳಲ್ಲಿ ಕೊನೆಯದಾಗಿ ಒಂದು ಹೊಸ ಕಲಮು ಸೇರಿತು: ಕಾರ್ಮಿಕನನ್ನು ಸಾಕಿ ಬೆಳೆಸಿದವರು ಯಾರೇ ಆಗಿರಲಿ, ಅವರ ಆಸ್ಪತ್ರೆ ಖರ್ಚನ್ನೂ ಕಂಪನಿಯೇ ಕೊಡಬೇಕು.

ಇಲ್ಲೇ ತೊಂದರೆಯಾದದ್ದು. ಬೇಡಿಕೆ ಸಲ್ಲಿಸುವುದಕ್ಕೆ ಒಂದು ಹಳೆಯ ಕ್ರಮವಿದೆ. ಬೇಕಾದವುಗಳ ಕೊನೆಯಲ್ಲಿ ಬೇಡದ್ದೊಂದನ್ನು ಸೇರಿಸಿರುತ್ತಾರೆ, ಬಿಟ್ಟುಕೊಡುವುದಕ್ಕೆಂದೇ. ಕೊನೆಯ ದಿನ ಅದನ್ನು ದೊಡ್ಡ ಮನಸ್ಸಿನಿಂದ ಬಿಟ್ಟು, ಎದುರಿನವರ ಮರ್ಯಾದೆ ಉಳಿಸಿ, ಸಹಿ ಹಾಕಿ ಮೈಸೂರು ಪಾಕು ತಿನ್ನುವುದು. ಹಿಂದಿನ ಸಲ ಚಿಕ್ಕಪ್ಪ ಈಜುಕೊಳ ಕೇಳಿದ್ದರು. ಕಾರ್ಖಾನೆಯಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ! ಈ ಸಲ ಸಂಬಳ ಇತ್ಯರ್ಥವಾಯಿತು, ಶೂ ಆಯಿತು, ಕ್ಯಾಂಟೀನಿಗೆ ಎರಡನೇ ಪಲ್ಯವೂ ಬಂತು. ಉಳಿದದ್ದು ಕೊನೆಯ ಕಲಮು. ಈ ವರ್ಷದ ಈಜುಕೊಳ ಇದೇ ಎಂದು ಎಲ್ಲರೂ ತಿಳಿದರು. ಆಡಳಿತದವರು ನಗುತ್ತಾ ಕಾದರು. ಸಂಘದವರೂ ನಗುತ್ತಾ ಕಾದರು. ಚಿಕ್ಕಪ್ಪ ಬಿಡಲಿಲ್ಲ.

ಆ ದಿನ ನಡೆದದ್ದನ್ನು ಸಂಜೆ ಕಾಫಿ ಕುಡಿಯುತ್ತಾ ಅವರೇ ಹೇಳಿದರು. ಕಂಪನಿಯ ಎಚ್‌.ಆರ್‌. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡನಂತೆ. ‘ಸಾರ್, ಬಿಟ್ಬಿಡಿ ಅದನ್ನ. ಊಟದ ಹೊತ್ತಾಯ್ತು.’

‘ಊಟ ಮಾಡ್ಕೊಂಡ್ ಬನ್ನಿ. ನಾನಿಲ್ಲೇ ಇರ್ತೀನಿ.’

‘ಸೀರಿಯಸ್ಸಾ? ಹೀಗ್ ಮಾಡಿದ್ರೆ ಒಬ್ಬೊಬ್ರೂ ಒಂದೊಂದು ಅಜ್ಜಿ ಹಿಡ್ಕೊಂಡ್ ಬರ್ತಾರೆ!’

‘ಒಂದೊಂದು ಅಜ್ಜಿ ಎತ್ತಿ ಆಡಿಸಿದ್ರೆ ಬರ್ಲಿ ಬಿಡಿ.’

‘ನಿಮಗ್ ಯಾರು ಸಾರ್ ಇರೋದು?’

‘ಅತ್ತಿಗೆ.’

ಮ್ಯಾನೇಜರ್ ಕೆಟ್ಟವನಲ್ಲ. ಬಗ್ಗಿ ಮೆಲ್ಲಗೆ ದಾರಿ ತೋರಿಸಿದನಂತೆ. ‘ತಾಯಿ ಅಂತ ಬರ್ಸಿಬಿಡಿ. ತಾಯಿಗೆ ಈಗ್ಲೇ ಇದೆ. ನಾನು ನೋಡೋಕ್ ಹೋಗಲ್ಲ.’

ಚಿಕ್ಕಪ್ಪ ಎದ್ದು ಹೊರಗೆ ಹೋಗಿ ನಿಂತರಂತೆ.

‘ಯಾಕೆ ಚಿಕ್ಕಪ್ಪ! ಅಷ್ಟು ಸುಲಭವಾಗಿ ಆಗೋದನ್ನ...’ ನನ್ನ ಕಾಫಿ ನೆತ್ತಿಗೇರಿತು.

‘ನಾನೊಬ್ಬ ಸುಳ್ಳು ಬರ್ಸಿದ್ರೆ ನನಗೊಬ್ಬನಿಗೆ ಆಗುತ್ತೆ. ಹೊರಗೆ ನಿಂತಿದ್ದಾಗ ನಮ್ ಹುಡುಗ್ರು ಒಬ್ಬೊಬ್ರಾಗಿ ಬಂದ್ರು ಕಣೋ. ಒಬ್ಬನ್ನ ದೊಡ್ಡಮ್ಮ ಸಾಕಿದ್ದಂತೆ, ಇನ್ನೊಬ್ಬನ್ನ ಸೋದರತ್ತೆ. ಇಷ್ಟು ವರ್ಷ ಜೊತೇಲಿ ಟೀ ಕುಡಿದಿದ್ದೀವಿ, ಒಬ್ಬನೂ ಬಾಯಿ ಬಿಟ್ಟಿರ್ಲಿಲ್ಲ.’

ಕಿಟಕಿಯ ಹತ್ತಿರ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ‘ತಾಯಿ ಅಂತ ಬರ್ಸೋಕೆ ನಿನಗೇನೋ ಕಷ್ಟ?’ ಎಂದಳು. ದನಿಯಲ್ಲಿ ಸಿಟ್ಟಿತ್ತೋ, ನೋವಿತ್ತೋ.

‘ನನ್ನ ಬೆಳೆಸ್ಲೇಬೇಕು ಅಂತ ತಾಯಿಗೆ ಇರುತ್ತೆ ಅತ್ತಿಗೆ. ನಿಮಗೇನಿತ್ತು?’ ಎಂದರು ಚಿಕ್ಕಪ್ಪ. ‘ಅದನ್ನ ಕಂಪನಿಯವರು ಸರಿಯಾಗಿ ಬರೀಲಿ.’

ಅಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ನಾನು ಮಾತ್ರ ಸಾಲದ ಬಡ್ಡಿ ವಿಚಾರಿಸಿಕೊಂಡು ಬಂದೆ. ಚಿಂತೆಗೆ ಒಂದು ಆಧಾರ ಬೇಕಲ್ಲ.

ಮುಂದಿನ ವಾರ ಚಿಕ್ಕಪ್ಪ ಮೈಸೂರು ಪಾಕಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕಲಮು ಒಪ್ಪಂದಕ್ಕೆ ಸೇರಿತ್ತು. ಹೇಗೆ ಒಪ್ಪಿದರು ಎಂದರೆ, ‘ಮಾತಾಡಿದ್ವಿ’ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಒಪ್ಪಂದವೊಂದನ್ನು ಗೆದ್ದು ಬಂದು ಅವರು ಎರಡು ಗಂಟೆ ಭಾಷಣ ಮಾಡದೇ ಇದ್ದದ್ದು ಅದೇ ಮೊದಲು. ನಾನು ಬಿ.ಪಿ. ಇರಬೇಕು ಅಂದುಕೊಂಡೆ.

ಅಮ್ಮನ ಆಪರೇಷನ್ ಚೆನ್ನಾಗಿ ಆಯಿತು. ವ್ಯಾಯಾಮ ಮಾಡಿಸುವ ಹುಡುಗಿ ದಿನವೂ ಬಂದು ನಡುಮನೆಯಲ್ಲಿ ನಡೆಸತೊಡಗಿದಳು. ನಡೆಯುತ್ತಾ ನಡೆಯುತ್ತಾ ಅಮ್ಮ ಒಗೆಯುವ ಬಟ್ಟೆಯ ಬುಟ್ಟಿಯವರೆಗೂ ಹೋದಳು.

‘ಇದೇನೋ ಇದು, ಶರ್ಟಿನ ತುಂಬ ಎಣ್ಣೆ?’

ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ‘ಲೇತ್ ಮೆಷಿನ್ದು.’

‘ನೀನು ಮೆಷಿನ್ ಮುಟ್ಟಿ ಎಷ್ಟು ಕಾಲ ಆಯ್ತು!’

ಅದು ನನಗೂ ಗೊತ್ತಿತ್ತು. ಸಂಘದ ಕಾರ್ಯದರ್ಶಿಗೆ ಮೆಷಿನ್ ಕೆಲಸದಿಂದ ಬಿಡುವು. ಸಂಘದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಎಲ್ಲರ ಅಹವಾಲು ಕೇಳುವುದೇ ಅವರ ಕೆಲಸ. ಆಡಳಿತದವರಿಗೆ ಮೊದಲಿನಿಂದಲೂ ಕಣ್ಣು ಕುಕ್ಕುತ್ತಿದ್ದದ್ದು ಆ ಬಿಡುವು.

‘ಅದನ್ನ ಕೊಟ್ಬಿಟ್ಟೆ,’ ಎಂದರು ಚಿಕ್ಕಪ್ಪ. ‘ಅವರೂ ಏನಾದ್ರೂ ಕೇಳ್ಬೇಕಲ್ಲ? ಬರಿಗೈಲಿ ಎದ್ದೋದ್ರೆ ಅವರ ಮರ್ಯಾದೆ ಏನಾಗ್ಬೇಕು? ಹುಡುಗ್ರದ್ದೇನೂ ಕೊಡ್ಲಿಲ್ಲ. ನಂದಿತ್ತು, ಕೊಟ್ಟೆ.’

‘ಇಡೀ ಪಾಳಿ ನಿಂತ್ಕೊಂಡಿರ್ತೀರಾ? ಈ ವಯಸ್ಸಲ್ಲಿ?’ ಎಂದೆ ನಾನು.

‘ನಡುವೆ ಊಟಕ್ಕೆ ಕೂರ್ತೀನಪ್ಪ. ಎರಡು ಪಲ್ಯ!’

ಅಮ್ಮ ಶರ್ಟನ್ನು ಬಕೆಟ್ಟಿಗೆ ಹಾಕಿದಳು.

ಮಾರನೆಯ ಸಂಜೆ ಕಂಪನಿ ಬಸ್ಸು ಬಂದು ಹೋದದ್ದು ಕೇಳಿಸಿತು. ಚಿಕ್ಕಪ್ಪ ಮೇಲೆ ಬರಲಿಲ್ಲ. ಬಗ್ಗಿ ನೋಡಿದರೆ, ಕೆಳಗಿನ ಮೆಟ್ಟಿಲ ಮೇಲೆ ಶೂ ಬಿಚ್ಚಿ ಕೂತು, ಎರಡೂ ಕೈಯಲ್ಲಿ ಪಾದಗಳನ್ನು ಒತ್ತಿಕೊಳ್ಳುತ್ತಿದ್ದರು. ನಾನು ಇಳಿಯಬೇಕೆನ್ನುವಷ್ಟರಲ್ಲಿ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಯಾರೂ ಹೇಳಿರಲಿಲ್ಲ, ಡಾಕ್ಟರಂತೂ ಹೇಳಿರಲಿಲ್ಲ. ನಾನು ಜೀವ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಇಳಿದೆ.

ಅವಳು ಅಲ್ಲಿಯವರೆಗೂ ಇಳಿದು, ಚಿಕ್ಕಪ್ಪನ ಹಿಂದಿನ ಮೆಟ್ಟಿಲ ಮೇಲೆ ನಿಧಾನವಾಗಿ ಕೂತಳು. ಮೆಷಿನ್ನಿನಿಂದ ಹಾರಿ ಅವರ ಕೂದಲಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿಣದ ಸಣ್ಣ ಸುರುಳಿಗಳನ್ನು ಆರಿಸಿ ಆರಿಸಿ ತನ್ನ ಅಂಗೈಗೆ ಹಾಕಿಕೊಳ್ಳತೊಡಗಿದಳು.

‘ಅತ್ತಿಗೆ, ರಸ್ತೇಲಿ ಜನ ನೋಡ್ತಾರೆ.’

‘ನೋಡ್ಲಿ. ತಲೆ ಬಗ್ಗಿಸು.’

ಚಿಕ್ಕಪ್ಪ ತಲೆ ಬಗ್ಗಿಸಿದರು.