ಸಾಹುಕಾರ್ರ ಕಾರಿನ ಗಾಜಿನ ನೀರು

ನಾನು ಯಾರ ಮನೆಯ ಸುದ್ದಿಗೂ ಹೋಗುವವಳಲ್ಲ. ಸುದ್ದಿಯೇ ನನ್ನ ಜಗಲಿಗೆ ಬಂದು ಕೂತರೆ ಎಂತ ಮಾಡುದು? ಪುತ್ತೂರಿನ ನಮ್ಮ ಎದುರುಮನೆಯ ಸಾಹುಕಾರ್ರು ಕಾರು ತೆಗೆದ ಮೇಲಂತೂ ಒಂದು ಮುಗಿಯುವ ಮೊದಲು ಇನ್ನೊಂದು.

ಅದು ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಇದ್ದ ಕಾಲ. ಅಂದರೆ, ಕುಡಿಯುವವರು ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದರು. ಸಾಹುಕಾರ್ರು ಬಾಗಿಲು ಸರಿಯಾಗಿ ಹಾಕುತ್ತಿರಲಿಲ್ಲ. "ಹುಡುಗಿಯ ಅಪ್ಪ ಕುಡೀತಾನಂತೆ" ಎಂದು ಮಗಳಿಗೆ ಬಂದ ಎರಡು ಸಂಬಂಧ ತಪ್ಪಿಹೋದವು. ಮಾತು ಹೇಗೆ ಹಬ್ಬಿತೋ ದೇವರಿಗೇ ಗೊತ್ತು; ನಾನು ಹೇಳಿದ್ದು ಹತ್ತಿರದವರಿಗೆ ಮಾತ್ರ. ಹೋದ ಮರ್ಯಾದೆ ವಾಪಸು ತರಲಿಕ್ಕೆಂದೇ ಅವರು ಯಾರೋ ದೊರೆಯ ಹಳೇ ವಿಲಾಯತಿ ಕಾರು ತೆಗೆದದ್ದು.

ಭಟ್ಟರ ಸ್ನಾನ

ಆ ಕಾರಿನಲ್ಲಿ ಊರಲ್ಲಿ ಯಾರೂ ಕಾಣದ ಒಂದು ಸಂಗತಿ ಇತ್ತು. ಬಾನೆಟ್ಟಿನ ಒಳಗೆ ಒಂದು ಗಾಜಿನ ಭರಣಿ, ಅದಕ್ಕೆ ರಬ್ಬರ್ ಪೈಪು, ಡ್ರೈವರನ ಕಾಲಡಿ ಒಂದು ಗುಂಡಿ. ಗುಂಡಿ ತುಳಿದರೆ ಎದುರಿನ ಗಾಜಿಗೆ ನೀರು ಚಿಮ್ಮಬೇಕು.

ನೋಡಲು ಬೀದಿಯೇ ಸೇರಿತು. ಡ್ರೈವರ ತುಳಿದ. ಗಾಜಿಗೆ ಒಂದು ಹನಿ ಇಲ್ಲ! ನೀರು ಕಾರಿನ ತಲೆ ಹಾರಿ ಹಿಂದೆ ನಿಂತಿದ್ದ ದೇವಸ್ಥಾನದ ಭಟ್ಟರ ಮೇಲೆ ಸುರಿಯಿತು.

"ಮೈಲಿಗೆ! ಇನ್ನು ಪುನಃ ಸ್ನಾನ ಮಾಡಬೇಕು!" ಎಂದು ಭಟ್ಟರು ಕೂಗಿದರು.

"ಪುನಃ ಅಂತ ಯಾಕೆ ಹೇಳುದು ಭಟ್ರೇ?" ಎಂದೆ ನಾನು. "ಹತ್ತಿರ ನಿಂತವರಿಗೆ ಗೊತ್ತುಂಟು, ಈ ವಾರದ್ದು ಇದೇ ಮೊದಲನೆಯದ್ದು."

ಚಿಮ್ಮುವ ತೂತು ಮೇಲೆ ನೋಡುತ್ತಿತ್ತಂತೆ. ನನ್ನ ತಲೆಯ ಪಿನ್ನು ತೆಗೆದುಕೊಂಡು ಡ್ರೈವರ ಅದರ ಮುಖ ಕೆಳಗೆ ಮಾಡಿದ. ತೂತು ಸರಿಯಾಯಿತು, ಪಿನ್ನು ಇವತ್ತಿನವರೆಗೆ ಬರಲಿಲ್ಲ.

ಕಬ್ಬಿಣದ ಗುಣ

ನೀರು ಗಾಜಿಗೆ ಬಿತ್ತು, ಆದರೆ ಮಣ್ಣು ಹೋಗಲಿಲ್ಲ. ನಮ್ಮ ರಸ್ತೆಯ ಕೆಂಪು ಧೂಳು ಗಂಧದ ಹಾಗೆ ಬಳಿದುಕೊಂಡಿತು. ಸಾಹುಕಾರ್ರ ಹೆಂಡತಿ, "ಬೆಳ್ಳಿ ತಂಬಿಗೆ ಹೊಳೆಯುವುದಾದರೆ ಗಾಜು ಹೊಳೆಯುದಿಲ್ವಾ?" ಎಂದು ಅಂಟುವಾಳ ಕಾಯಿ ನೆನೆಸಿ, ಕಿವುಚಿ, ನೊರೆ ಸಮೇತ ಭರಣಿಗೆ ಹೊಯ್ದರು. ಸೋಸಲಿಲ್ಲ. ಸಿಪ್ಪೆ ಹೋಗಿ ಪೈಪಿನಲ್ಲಿ ಕೂತಿತು.

ಮರುದಿನ ಪೇಟೆಯ ನಡುವೆ ಗುಂಡಿ ತುಳಿದರೆ ನೀರಿಲ್ಲ. ಡ್ರೈವರ ಇಳಿದು ಪೈಪು ಬಿಡಿಸಿ, ಬಾಯಿ ಇಟ್ಟು ಬಲವಾಗಿ ಎಳೆದ. ಸಿಪ್ಪೆ ಬಂತು, ಹಿಂದೆಯೇ ನೊರೆ! ಕಹಿಗೆ ಕಣ್ಣು ಮೇಲಾಯಿತು, ನೆಲಕ್ಕೆ ಕೂತ, ಬಾಯಿತುಂಬ ಬಿಳಿ ನೊರೆ.

"ಅಯ್ಯೋ, ಅಪಸ್ಮಾರ! ಕೈಗೆ ಕಬ್ಬಿಣ ಕೊಡಿ ಮಾರಾಯ್ರೆ!" ಎಂದು ಜನ ಓಡಿಬಂದರು. ಒಬ್ಬ ಬೀಗದ ಕೈ ಕೊಟ್ಟ. ಡ್ರೈವರ ಬಿಸಾಡಿದ. ಇನ್ನೊಬ್ಬ ಕತ್ತಿ ಕೊಟ್ಟ. ಅದನ್ನೂ ಬಿಸಾಡಿದ. ಯಾರೋ ಕಾರಿನೊಳಗಿನ ಸ್ಪ್ಯಾನರ್ ತಂದುಕೊಟ್ಟರು. ಡ್ರೈವರ ಅದನ್ನು ಹಿಡಿದು ಎದ್ದವನೇ ಪೈಪು ಬಿಗಿ ಮಾಡತೊಡಗಿದ.

"ನೋಡಿದಿರಾ?" ಎಂದಳು ಮೀನಿನವಳು. "ಒಳ್ಳೆ ಕಬ್ಬಿಣ ಆದ್ರೆ ಗುಣ ಕೂಡಲೇ!"

ಸುಳ್ಯದ ಬೀಗರು

ಅಷ್ಟರಲ್ಲಿ ಸುಳ್ಯದ ಕಡೆಯಿಂದ ಮಗಳಿಗೆ ಮೂರನೇ ಸಂಬಂಧ ಬಂತು. ಹುಡುಗನ ಅಪ್ಪ ಪಾನನಿರೋಧದ ಬಗ್ಗೆ ಊರೂರಲ್ಲಿ ಭಾಷಣ ಮಾಡುವವರು. ಇದೂ ತಪ್ಪಿದರೆ ಹುಡುಗಿಯ ಗತಿ ಎಂತ? ಸಾಹುಕಾರ್ರ ಹೆಂಡತಿ ಅಕ್ಕಿಮುಡಿ, ಅಟ್ಟ, ದನದ ಹಟ್ಟಿ ಎಲ್ಲ ಜಾಲಾಡಿ ಇದ್ದಬದ್ದ ಬಾಟ್ಲಿ ಒಡೆದುಹಾಕಿದರು.

ಹುಡುಗನ ಅಪ್ಪ ಅಮ್ಮನನ್ನು ಹೆಣ್ಣು ನೋಡಲು ಕರೆತರಲಿಕ್ಕೆ ಸಾಹುಕಾರ್ರೇ ಕಾರಿನಲ್ಲಿ ಹೊರಟರು. ಹೆಂಗಸರಿಗೆ ಮಾತಿಗೆ ಜನ ಬೇಕೆಂದು ನಾನೂ ಹೋದೆ, ಯಾರೂ ಕರೆಯದಿದ್ದರೂ. ವಾಪಸು ಬರುವಾಗ ಎದುರಿನ ಬಸ್ಸು ಧೂಳೆಬ್ಬಿಸಿ ಗಾಜು ಕೆಂಪಾಯಿತು.

"ನಿಮ್ಮ ಕಾರಲ್ಲಿ ನೀರು ಬರ್ತದಂತಲ್ಲ, ನೋಡುವ," ಎಂದರು ಹುಡುಗನ ಅಪ್ಪ.

ಸಾಹುಕಾರ್ರ ಮುಖ ಬಿಳುಚಿತು. "ಅದು... ಅದು ಹಾಳಾಗಿದೆ."

"ಇಲ್ಲ ಧಣಿ, ನಾನೇ ಸರಿ ಮಾಡಿದ್ದೇನೆ!" ಎಂದು ಡ್ರೈವರ ತುಳಿದೇಬಿಟ್ಟ.

ಚಿಮ್ಮಿತು ನೋಡಿ! ಧೂಳೆಲ್ಲ ಮಾಯ. ಕಿಟಕಿಯಿಂದ ಪರಿಮಳ ಘಮ್ಮೆಂದು ಒಳಬಂತು. ಬಾಟ್ಲಿ ಹುಡುಕುವಾಗ ಹೆಂಡತಿಯ ಕೈ ಸೋಕದ ಜಾಗ ಆ ಭರಣಿಯೊಂದೇ ಅಲ್ವಾ! ಸಾಹುಕಾರ್ರು ಕಣ್ಣು ಮುಚ್ಚಿದರು. ಮೂರನೆಯದ್ದೂ ಹೋಯಿತು ಅಂತ ನಾನು ಯಾರಿಗೆ ಮೊದಲು ಹೇಳುದು ಎಂದು ಲೆಕ್ಕ ಹಾಕುತ್ತಿದ್ದೆ.

ಹುಡುಗನ ಅಪ್ಪ ಮೂಗರಳಿಸಿ ಉಸಿರೆಳೆದರು. "ಗೇರುಹಣ್ಣಿನದ್ದು," ಎಂದರು ಮೆಲ್ಲ. "ಎರಡನೇ ಸಲ ಇಳಿಸಿದ್ದು. ಒಳ್ಳೇ ಮಾಲು."

ಹಿಂದಿನ ಸೀಟಿನಿಂದ ಅವರ ಹೆಂಡತಿ, "ನಿಮಗೆ ಹೇಗೆ ಗೊತ್ತು?" ಎಂದರು.

ಪುತ್ತೂರು ಮುಟ್ಟಿದ ಮೇಲೆ ಹುಡುಗನ ಅಪ್ಪ ಹುಡುಗಿಯನ್ನು ಸರಿಯಾಗಿ ನೋಡುವ ಮೊದಲೇ, "ನಮಗೆ ಒಪ್ಪಿಗೆ," ಎಂದುಬಿಟ್ಟರು. ಒಪ್ಪದೆ ಎಂತ ಮಾಡಿಯಾರು, ನಾನು ಅಲ್ಲೇ ಕೂತಿದ್ದೆನಲ್ಲ!

ನಿಶ್ಚಯದ ದಿನ ಎಲೆ ಹಾಕುವ ಹೊತ್ತಿಗೆ ಇಬ್ಬರು ಬೀಗರೂ ಕಾಣೆ. ಹುಡುಕಿದರೆ, "ಗಾಜಿನ ನೀರು ಬರ್ತದಾ ಅಂತ ನೋಡುದು," ಎಂದು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದಾರೆ, ಪೈಪು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ. ಸಾಹುಕಾರ್ರ ಹೆಂಡತಿ ನನ್ನ ಬದಿಗೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬೆಳಿಗ್ಗೆ ಭರಣಿ ತೊಳೆದು ತುಂಬಿಸಿದ್ದು ಅವರೇ.

ಬೀಗರಿಬ್ಬರೂ ಒಟ್ಟಿಗೆ ತಲೆ ಎತ್ತಿದರು. ಕಣ್ಣು ಮೇಲೆ, ಮೀಸೆ ತುಂಬ ಬಿಳಿ ನೊರೆ.

ನಾನು ಚಪ್ಪರಕ್ಕೆಲ್ಲ ಕೇಳುವ ಹಾಗೆ ಕೂಗಿದೆ: "ಓಡಿ ಬನ್ನಿ! ಇಬ್ಬರಿಗೂ ಕಬ್ಬಿಣ ಕೊಡಿ ಮಾರಾಯ್ರೆ!"