ಕುಲ್ಸುಮಬಿಯವರನ್ನು ಕಡಲ ದಂಡೆಗೆ ವರ್ಗ ಮಾಡುವ ಬಗ್ಗೆ

ಇಂದ,
ಫಕ್ಕೀರಸಾಬ ಹುಸೇನಸಾಬ ದರ್ಜಿ
ಹೊಲಿಗೆ ಅಂಗಡಿ, ಪೇಟೆ ರಸ್ತೆ, ಬ್ಯಾಡಗಿ
ವಾಸ: ಮೋಟೆಬೆನ್ನೂರು, ಜಿಲ್ಲಾ ಧಾರವಾಡ

ಗೆ,
ಮಾನ್ಯ ವರ್ಗಾವಣೆ ಅಧಿಕಾರಿಗಳು
ಶಿಕ್ಷಣ ಇಲಾಖೆ, ಬೆಳಗಾವಿ

ವಿಷಯ: ಅರ್ಜಿದಾರನ ಹೆಂಡತಿ, ಶಿಕ್ಷಕಿ ಶ್ರೀಮತಿ ಕುಲ್ಸುಮಬಿ ಇವರ ಮನಸ್ಸು ಒಂದು ಸಮುದ್ರ ದಂಡೆಯ ಮೇಲೆ ಹೋಗಿರುವುದರಿಂದ, ಇಲ್ಲೇ ಉಳಿದ ಅವರನ್ನೂ ಸದರಿ ದಂಡೆಯ ಶಾಲೆಗೆ ವರ್ಗ ಮಾಡುವ ಕುರಿತು.

ಉಲ್ಲೇಖ: ೧) ಇದೇ ವಿಷಯವಾಗಿ ಶ್ರೀಮತಿ ಕುಲ್ಸುಮಬಿ ಖುದ್ದಾಗಿ ಕೊಟ್ಟ ಅರ್ಜಿ, "ಕಾರಣ ಸಮರ್ಪಕವಾಗಿಲ್ಲ" ಎಂಬ ಷರಾದೊಂದಿಗೆ ವಾಪಸು ಬಂದದ್ದು.
೨) ಅರ್ಜಿದಾರನ ತಾಯಿಯ ಬಾಯಿಮಾತಿನ ಆದೇಶ, ಕಳೆದ ಶುಕ್ರವಾರ.

ಮಾನ್ಯರೇ,

ಅರ್ಜಿದಾರನು ದರ್ಜಿ ಇದ್ದು, ಬಟ್ಟೆಯ ಮೇಲೆ ಗೆರೆ ಎಳೆಯುವುದನ್ನು ಬಿಟ್ಟರೆ ಬೇರೆ ಬರವಣಿಗೆಯ ರೂಢಿ ಇಲ್ಲ. ಆದ್ದರಿಂದ ಎಲ್ಲಿಯಾದರೂ ಉದ್ದವಾಗಿದ್ದಲ್ಲಿ ತಾವೇ ಕತ್ತರಿಸಿಕೊಳ್ಳಬೇಕೆಂದು ಮೊದಲೇ ವಿನಂತಿಸಿಕೊಂಡು, ನಡೆದ ಸಂಗತಿಗಳನ್ನು ಈ ಕೆಳಗಿನಂತೆ ನಿವೇದಿಸಿಕೊಳ್ಳಲಾಗಿದೆ.

೧. ಶ್ರೀಮತಿ ಕುಲ್ಸುಮಬಿ ಇವರು ಮೋಟೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹುಕಾಲದಿಂದ ಶಿಕ್ಷಕಿಯಾಗಿದ್ದು, ಗೈಡ್ ದಳವನ್ನೂ ನಡೆಸುತ್ತಾರೆ. ಅವರು ಮೈದಾನದಲ್ಲಿ "ನಿಲ್ಲು!" ಎಂದರೆ ಹುಡುಗಿಯರ ಜೊತೆಗೆ ಪಕ್ಕದ ಹೊಲದ ಎತ್ತುಗಳೂ ನಿಲ್ಲುತ್ತವೆ. ನೀರಿನ ವಿಷಯದಲ್ಲಿ ಅವರ ಅನುಭವವೆಂದರೆ ಊರ ಕೆರೆ ಮತ್ತು ಕುಮಾರಪಟ್ಟಣದಲ್ಲಿ ಮದುವೆಗೆ ಹೋದಾಗ ಕಂಡ ತುಂಗಭದ್ರೆ. ಆ ಹೊಳೆಯನ್ನು ನೋಡಿ "ಸಾಕಷ್ಟು ಐತಿ" ಎಂದಿದ್ದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅರ್ಜಿದಾರನಿಗೂ ಇದುವರೆಗೆ ಸಿಕ್ಕಿರುವುದಿಲ್ಲ.

೨. ಕಳೆದ ಜನೇವರಿಯಲ್ಲಿ ಸದರಿ ದಳದ ಶಿಬಿರವು ಕುಮಟೆಯ ಆಚೆ ಕಲ್ಬೇಲೆ ಎಂಬಲ್ಲಿ ನಡೆಯಿತು. ಈ ಕಲ್ಬೇಲೆಗೆ ರಸ್ತೆ ಇಲ್ಲ. ಬಸ್ಸು ಇಳಿದು ಗೇರುಗಿಡಗಳ ಗುಡ್ಡ ಹತ್ತಿ ಇಳಿಯಬೇಕು. ಇಳಿದರೆ ಎರಡು ಕಡೆ ಕರಿಬಂಡೆ, ಎದುರಿಗೆ ಸಮುದ್ರ, ಹಿಂದೆ ಏಳೆಂಟು ಮೀನುಗಾರರ ಮನೆ. ಅಂಗಡಿ, ದೀಪದ ಕಂಬ, ವಗೈರೆ ಯಾವುದೂ ಇಲ್ಲ.

ಅಲ್ಲಿ ನಡೆದದ್ದನ್ನು ಹುಡುಗಿಯರು ಊರೆಲ್ಲ ಹೇಳಿದ್ದರಿಂದ ಅರ್ಜಿದಾರನಿಗೂ ತಿಳಿದಿದೆ. ಗುಡ್ಡದ ನೆತ್ತಿಯಲ್ಲಿ ಸಾಲು ನಿಲ್ಲಿಸಲೆಂದು ಅಕ್ಕೋರು, ಅಂದರೆ ಶ್ರೀಮತಿಯವರು, ಶೀಟಿಯನ್ನು ಬಾಯಿಗಿಟ್ಟರಂತೆ. ಅಷ್ಟರಲ್ಲಿ ಕೆಳಗೆ ಸಮುದ್ರ ಕಂಡಿತು. ಶೀಟಿ ಬಾಯಿಂದ ಜಾರಿ ದಾರದಲ್ಲಿ ನೇತಾಡಿತು. ಸಾಲು ಮುರಿದು ಹುಡುಗಿಯರು ಕೆಳಕ್ಕೆ ಓಡಿದರು, ಅಕ್ಕೋರು ಗದರಲಿಲ್ಲ. ತಾವೂ ಇಳಿದು, ಚಪ್ಪಲಿ ಸಮೇತ ನೀರಿಗೆ ನಡೆದರು. ತೆರೆಯೊಂದು ಮೊಣಕಾಲಿಗೆ ಬಡಿದು ಒಂದು ಚಪ್ಪಲಿಯನ್ನು ಎಳೆದೊಯ್ದಿತು.

"ಅಕ್ಕೋರ, ಚಪ್ಪಲಿ ಹೊಂಟೈತ್ರಿ!" ಎಂದು ಹುಡುಗಿಯರು ಕೂಗಿದ್ದಕ್ಕೆ,

"ಹೋಗ್ಲಿ ಬಿಡ್ರೆ, ಅದಕ್ಕೂ ಬೇಕಾಗಿರಬೇಕು," ಎಂದರಂತೆ.

ಮರುದಿನ ಗಾಳಿಗೆ ಡೇರೆ ಹಾರಿ ಅನ್ನದ ಪಾತೆಲಿಯ ಮೇಲೆ ಬಿತ್ತು. ಎಲ್ಲರೂ ಉಸುಕು ಅಗಿಯುತ್ತಾ ಉಂಡರು. ಅಕ್ಕೋರು ಎರಡನೇ ಸಲ ಬಡಿಸಿಕೊಂಡರು.

೩. ಒಂಟಿ ಚಪ್ಪಲಿಯೊಂದಿಗೆ ಮನೆಗೆ ಬಂದ ಶ್ರೀಮತಿ ಕುಲ್ಸುಮಬಿ ಇವರಿಗೆ ಊಟ, ನಿದ್ದೆ ಸರಿಯಾಗಿಯೇ ಇತ್ತು. ಆದರೆ ಮಾತಿನ ನಡುವೆ ಎಲ್ಲಿಗೋ ಹೋಗಿಬಿಡುತ್ತಿದ್ದರು.

"ಏನಾತ?" ಎಂದು ಅರ್ಜಿದಾರನು ಕೇಳಿದ್ದಕ್ಕೆ,

"ಅದು ಬರತೈತ್ರಿ. ಬಂದು, ಮುಟ್ಟಿ, ಹೋಗತೈತಿ. ಮತ್ತ ಬರತೈತಿ. ಯಾರೂ ಕರದಿರೂದಿಲ್ಲ ಅದನ್ನ," ಎಂದರು.

ಸಂಜೆಯಾದರೆ ಮಾಳಿಗೆ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿ ಕೂರತೊಡಗಿದರು. ಅರ್ಜಿದಾರನ ತಾಯಿ ಮಕ್ತುಮಬಿಯವರಿಗೆ ಬಹಳ ಸಂತೋಷವಾಯಿತು. ಸೊಸೆ ಹೆಚ್ಚಿನ ನಮಾಜಿಗೆ ಕೂರುತ್ತಾಳೆಂದು ಓಣಿಯಲ್ಲೆಲ್ಲ ಹೇಳಿದರು. ರಾಣೆಬೆನ್ನೂರಿನ ತಂಗಿಗೂ ಹೇಳಿಕಳಿಸಿದರು. ಒಂದು ಸಂಜೆ ಕಣ್ಣಾರೆ ನೋಡೋಣವೆಂದು ಏಣಿ ಹತ್ತಿದರೆ, ಸೊಸೆ ಕಾಲು ಚಾಚಿ ಶೇಂಗಾ ತಿನ್ನುತ್ತಾ ಕೂತಿದ್ದಾಳೆ.

"ಏನ ನೋಡಾಕತ್ತೀಯವ್ವಾ?"

"ಸಮುದ್ರ ಆ ಕಡಿಗೇ ಐತ್ರಿ, ಅತ್ತಿ."

ತಾಯಿಯವರು ಇಳಿದು ಬಂದು, ಓಣಿಯ ಕಡೆಯ ಬಾಗಿಲನ್ನು ಎರಡು ದಿನ ಮುಚ್ಚಿಟ್ಟರು.

೪. ಈ ನಡುವೆ ಕಲ್ಬೇಲೆಯ ಶಾಲೆಯಲ್ಲಿ ಶಿಕ್ಷಕರ ಜಾಗ ಖಾಲಿ ಇರುವುದನ್ನು ತಿಳಿದು ಶ್ರೀಮತಿಯವರು ಉಲ್ಲೇಖ (೧)ರ ಅರ್ಜಿ ಕೊಟ್ಟರು. ಕಾರಣ ಎಂಬಲ್ಲಿ "ಆ ಜಾಗ ಬಿಟ್ಟು ಬಂದಾಗಿನಿಂದ ಜೀವ ಅಲ್ಲೇ ಇದೆ" ಎಂದು ಇದ್ದದ್ದನ್ನು ಇದ್ದಂತೆ ಬರೆದಿದ್ದರು. ಅದು ವಾಪಸು ಬಂದಾಗ ಕಚೇರಿಯ ಗುಮಾಸ್ತ ಜಟ್ಟೆಪ್ಪನವರು, ಬಹಳ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು:

"ಅಕ್ಕೋರ, ಬ್ಯಾನಿ ಐತಿ ಅಂತ ಬರೀರಿ, ನಡೀತೈತಿ. ಗಂಡ ಅಲ್ಲಿ ನೌಕರಿ ಮಾಡ್ತಾನಂತ ಬರೀರಿ, ನಡೀತೈತಿ. ಚಂದ ಐತಿ ಅಂತ ಯಾರರ ಬರೀತಾರೇನ್ರಿ? ಅಲ್ಲಿಗೆ ನಾವು ತಪ್ಪು ಮಾಡಿದವರನ್ನ ಕಳಸೂದು!"

"ಹಂಗಾದ್ರ ತಪ್ಪು ಮಾಡಿದ್ರ ಕಳಸ್ತೀರೇನ್ರಿ?"

ಜಟ್ಟೆಪ್ಪನವರು ನಕ್ಕರು. ಶ್ರೀಮತಿಯವರು ನಗಲಿಲ್ಲ.

೫. ಮರುದಿನದಿಂದ ಅವರು ತಪ್ಪು ಮಾಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಶಾಲೆಗೆ ತಡವಾಗಿ ಹೋದರು. ಮುಖ್ಯೋಪಾಧ್ಯಾಯರಾದ ಪರಮೇಶಪ್ಪನವರು ಗೋಡೆ ಗಡಿಯಾರ ಮುಂದೆ ಓಡುತ್ತಿದೆಯೆಂದು ತಿಳಿದು ಅದನ್ನು ಹಿಂದಕ್ಕೆ ತಿರುಗಿಸಿದರು. ಗಣಿತದ ತಾಸಿನಲ್ಲಿ ಶ್ರೀಮತಿಯವರು ಹುಡುಗಿಯರನ್ನು ಕೆರೆದಂಡೆಗೆ ಕರೆದೊಯ್ದು ಸುಮ್ಮನೆ ಕೂರಿಸಿದರು. ಅಂದೇ ಬಂದ ತಪಾಸಣೆಯ ಸಾಹೇಬರು ಅದನ್ನು ಹೊಸ ಬೋಧನಾ ಪದ್ಧತಿ ಎಂದು ಮೆಚ್ಚಿ ಶಾಲೆಯ ಪುಸ್ತಕದಲ್ಲಿ ಬರೆದುಹೋದರು. ಕಡೆಗೆ ಶ್ರೀಮತಿಯವರು ಪರಮೇಶಪ್ಪನವರ ಎದುರಿಗೇ ನಿಂತು, "ಸರ್, ನನ್ನ ಮ್ಯಾಲ ಒಂದ ದೂರು ಬರದ ಕೊಡ್ರಿ," ಎಂದು ಕೇಳಿಕೊಂಡರು.

"ಕೈ ಬರೂದಿಲ್ರಿ ಅಕ್ಕೋರ," ಎಂದ ಪರಮೇಶಪ್ಪನವರ ಕಣ್ಣಲ್ಲಿ ನೀರಿತ್ತು. "ನನ್ನ ಮೂರೂ ಹೆಣ್ಣುಮಕ್ಕಳು ನಿಮ್ಮ ಕಡೇನ ಕಲತಾವ."

ಆ ಸಂಜೆ ಶ್ರೀಮತಿಯವರು ಮಾಳಿಗೆ ಹತ್ತಲಿಲ್ಲ. ಹಿಟ್ಟು ನಾದುತ್ತಾ ಕೂತವರು ನಾದುತ್ತಲೇ ಇದ್ದರು. ರೊಟ್ಟಿ ತಟ್ಟುವುದು ಮರೆತೇ ಹೋಗಿತ್ತು.

೬. ಇಲ್ಲಿ ಅರ್ಜಿದಾರನ ಸ್ಥಿತಿಯನ್ನೂ ನಿವೇದಿಸುವುದು ಅವಶ್ಯವಿದೆ. ಹೆಂಡತಿಯ ಮನಸ್ಸು ಬೇರೊಬ್ಬ ಮನುಷ್ಯನ ಮೇಲೆ ಹೋದರೆ ಗಂಡನಾದವನು ಜಗಳವಾಡಬಹುದು. ಸಮುದ್ರದೊಂದಿಗೆ ಏನು ಜಗಳ? ಆದರೂ ಹೊಟ್ಟೆಯೊಳಗೆ ಉರಿ ಇದ್ದದ್ದು ಖರೆ. ಮೆಣಸಿನಕಾಯಿ ಸುಗ್ಗಿಯಾದ್ದರಿಂದ ಬ್ಯಾಡಗಿಯಲ್ಲಿ ಎಲ್ಲರ ಕಣ್ಣೂ ಕೆಂಪಗಿದ್ದವು. ಅರ್ಜಿದಾರನದು ಬೇರೆ ಕಾರಣಕ್ಕೆಂದು ಯಾರಿಗೂ ಗೊತ್ತಾಗಲಿಲ್ಲ. ಕಾರಣ, ಅಸ್ತರಿನ ಬಟ್ಟೆ ತರಲು ರಾಣೆಬೆನ್ನೂರಿಗೆ ಹೋಗುವುದಾಗಿ ಮನೆಯಲ್ಲಿ ಹೇಳಿ, ಹಾವೇರಿಯಲ್ಲಿ ಶಿರಸಿ ಬಸ್ಸು ಹತ್ತಿ, ಎದುರಾಳಿಯನ್ನು ಕಣ್ಣಾರೆ ನೋಡಲು ಅರ್ಜಿದಾರನು ಕಲ್ಬೇಲೆಗೆ ಹೋದನು.

ಗುಡ್ಡ ಹತ್ತುವಾಗ ಬೈಯಲು ಮಾತು ಕೂಡಿಸಿಕೊಂಡಿದ್ದು ಉಂಟು. ಇಳಿದ ಮೇಲೆ ಅವು ಉಪಯೋಗಕ್ಕೆ ಬರಲಿಲ್ಲ. ಗಾಳಿ ಟೊಪ್ಪಿಗೆಯನ್ನು ಹಾರಿಸಿತು. ಅದರ ಹಿಂದೆ ಓಡುತ್ತಾ ಅರ್ಜಿದಾರನು ನೀರಿನ ತನಕ ಬಂದನು. ನೀರು ಬಿಳಿ ಅಂಚು ಹಾಕುತ್ತಿತ್ತು. ಹಾಕಿ ಮುಗಿಯಿತು ಎನ್ನುವಷ್ಟರಲ್ಲಿ ತಾನೇ ಬಿಚ್ಚಿ, ಮತ್ತೆ ಬೇರೆ ತರಹ ಹಾಕುತ್ತಿತ್ತು. ಜೀವಮಾನವೆಲ್ಲ ಅಂಚು ಹೊಲಿದವನು ಇಷ್ಟು ನಿರಾಳವಾಗಿ ಬಿಚ್ಚುವುದನ್ನು ಕಂಡಿರಲಿಲ್ಲ. ನೋಡುತ್ತಾ ಬಂಡೆಯ ಮೇಲೆ ಕೂತನು. ಮುಂದೆ ಬಿದ್ದಿದ್ದ ನೆರಳು ಹಿಂದಕ್ಕೆ ಹೊರಳಿದರೂ ಏಳಲಿಲ್ಲ.

ಮೀನು ಒಣಗಿಸುತ್ತಿದ್ದ ಮುದುಕಿಯೊಬ್ಬಳು ಬಂದು ಕೇಳಿದಳು (ಅಲ್ಲಿ ಶಿಕ್ಷಕಿಗೆ ಬಾಯಿ ಎನ್ನುತ್ತಾರೆ): "ಆ ಶೀಟಿ ಬಾಯಿಯ ಗಂಡನಾ ನೀವು?"

"ಹ್ಯಾಂಗ ಗೊತ್ತಾತಬೇ?"

"ಆ ಬಾಯಿ ಕೂತದ್ದೂ ಇದೇ ಬಂಡೆ, ಮಾರಾಯ್ರೆ. ಸಮುದ್ರ ಎಂತ ನೋಡೂದು, ಅದು ಎಲ್ಲಿಗೂ ಹೋಗೂದಿಲ್ಲ. ಬನ್ನಿ, ಶಾಲೆ ನೋಡಿ."

ಶಾಲೆಯ ಕೀಲಿಕೈ ಆಕೆಯ ಸೆರಗಿನ ಗಂಟಿನಲ್ಲಿತ್ತು. ಒಳಗೆ ಬಲೆಗಳನ್ನು ಪೇರಿಸಿದ್ದರು. ಬಂದ ಮಾಸ್ತರರು ಯಾರೂ ಒಂದು ಮಳೆಗಾಲ ನಿಲ್ಲಲಿಲ್ಲವಂತೆ. ಶಿಬಿರದ ದಿನಗಳಲ್ಲಿ ಆ ಬಾಯಿ ಊರ ಮಕ್ಕಳನ್ನೂ ಸಾಲಿಗೆ ಸೇರಿಸಿಕೊಂಡು ಮಗ್ಗಿ ಹೇಳಿಕೊಟ್ಟರಂತೆ. "ಮೂರರ ತನಕ ಆಗಿದೆ. ಮುಂದಿಂದು ಹೇಳುವವ್ರು ಬೇಕಲ್ದಾ," ಎಂದಳು ಮುದುಕಿ.

೭. ಮನೆಗೆ ಬಂದ ಅರ್ಜಿದಾರನ ಕೈಯಲ್ಲಿ ಅಸ್ತರಿನ ಬಟ್ಟೆ ಇರಲಿಲ್ಲ. ಪ್ಯಾಂಟಿನ ಮಡಿಕೆಯಿಂದ ಉಸುಕು ಉದುರಿತು. ಶ್ರೀಮತಿಯವರು ಬಗ್ಗಿ ಅದನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು.

"ರಾಣೆಬೆನ್ನೂರಿಂದಲ್ಲ ಇದು."

"ಅಲ್ಲ."

"ಹ್ಯಾಂಗೈತ್ರಿ?"

ಅರ್ಜಿದಾರನು "ನಾನೂ ಬರತೇನಿ," ಎಂದಷ್ಟೇ ಹೇಳಿದನು. ಆಗ ಶ್ರೀಮತಿಯವರು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ಅರ್ಜಿದಾರನು ನೋಡಿದ್ದು ಅದೇ ಮೊದಲು.

ಒಳಗಿನಿಂದ ತಾಯಿಯವರು ಕೇಳಿದರು: "ಅಲ್ಲಿ ಪಶ್ಚಿಮಕ್ಕ ಮಾರಿ ಮಾಡಿದ್ರ ಎದುರಿಗೆ ಏನೇನ ಅಡ್ಡ ಐತಿ?"

"ಏನಿಲ್ಲ ಅಮ್ಮಾ. ಬರೇ ನೀರು. ಆಚೀಗೆ ಅರಬಸ್ಥಾನ."

"ಇಲ್ಲಿ ಹಿಟ್ಟಿನ ಗಿರಣಿ ಐತಿ," ಎಂದರು ತಾಯಿಯವರು. ನಮಾಜಿನ ಚಾಪೆ ಸುತ್ತಿಕೊಂಡು ಹೊರಬಂದು, "ನಡೀರಿ, ಹೋಗೂಣು. ಲಗೂ ಏನರ ಮಾಡು," ಎಂದರು. ಇದೇ ಉಲ್ಲೇಖ (೨)ರ ಆದೇಶ.

೮. ಹೊಲಿಗೆ ಯಂತ್ರವನ್ನು ಹೊತ್ತು ಗುಡ್ಡ ದಾಟಿಸಲು ಅಲ್ಲಿನ ಇಬ್ಬರು ಮೀನುಗಾರರು ಒಪ್ಪಿದ್ದಾರೆ. ಅಲ್ಲಿಯ ಗಂಡಸರು ಅಂಗಿ ಹಾಕುವುದು ಅಪರೂಪವಾದ್ದರಿಂದ ವ್ಯಾಪಾರ ಕಡಿಮೆ ಆಗಬಹುದು. ಅದರ ಬಗ್ಗೆ ಅರ್ಜಿದಾರನ ತಕರಾರು ಇರುವುದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಲ್ಲಿ ಯಾವುದೂ ಸಮರ್ಪಕವಲ್ಲವೆಂದು ಕಂಡುಬಂದಲ್ಲಿ, ಎಲ್ಲವನ್ನೂ ಕೂಡಿಸಿ ಒಂದು ಕಾರಣವೆಂದು ಪರಿಗಣಿಸಿ, ಶ್ರೀಮತಿ ಕುಲ್ಸುಮಬಿ ಇವರನ್ನು ಮುಂದಿನ ಮಳೆಗಾಲದ ಒಳಗಾಗಿ ಕಲ್ಬೇಲೆ ಶಾಲೆಗೆ ವರ್ಗ ಮಾಡಿ ಆದೇಶ ಹೊರಡಿಸಬೇಕು. ಆದೇಶದಲ್ಲಿ "ಶಿಕ್ಷೆಯ ಮೇರೆಗೆ" ಎಂದು ನಮೂದಿಸಿದರೂ ಮನೆಯವರೆಲ್ಲರ ಸಂಪೂರ್ಣ ಒಪ್ಪಿಗೆ ಇದೆ.

ತಮ್ಮ ವಿಶ್ವಾಸಿ,
ಫಕ್ಕೀರಸಾಬ ದರ್ಜಿ

ಮೋಟೆಬೆನ್ನೂರು, ೧೪ ಮಾರ್ಚ್ ೧೯೮೯

ಅಡಕಗಳು:
ಅ) ವಾಪಸು ಬಂದ ಅರ್ಜಿ.
ಆ) ಸದರಿ ಶಿಕ್ಷಕಿಯಲ್ಲಿ ಯಾವ ತಪ್ಪೂ ಸಿಗಲಿಲ್ಲವೆಂದು ಪರಮೇಶಪ್ಪನವರು ವಿಷಾದದಿಂದ ಕೊಟ್ಟ ಪತ್ರ.
ಇ) ತಾಯಿಯವರ ಹೆಬ್ಬೆಟ್ಟು.

ವಿಶೇಷ ಸೂಚನೆ: ಈ ಅರ್ಜಿ ಹಾಕಿರುವುದು ಶ್ರೀಮತಿಯವರಿಗೆ ಗೊತ್ತಿಲ್ಲ. ಮನೆಯವರು ಒಪ್ಪಿದರೇನು, ಸರಕಾರ ಒಪ್ಪುವುದಿಲ್ಲವೆಂದು ಅವರು ಆಸೆ ಬಿಟ್ಟಿದ್ದಾರೆ. ಆದ್ದರಿಂದ ಆದೇಶವನ್ನು ಶಾಲೆಯ ವಿಳಾಸಕ್ಕೆ ಅವರ ಹೆಸರಿಗೇ ಕಳಿಸಿ, ಅದು ಯಾವ ದಿನ ಮುಟ್ಟುವುದೆಂದು ಅರ್ಜಿದಾರನ ಅಂಗಡಿಗೆ ಮುಂಚಿತವಾಗಿ ಒಂದು ಕಾರ್ಡು ಬರೆಯಲು ಕೋರಿಕೆ. ಕಾರಣ, ಅಂದು ಅಂಗಡಿ ಮುಚ್ಚಿ, ಶಾಲೆಯ ಕಿಟಕಿಯ ಹೊರಗೆ ನಿಲ್ಲುವುದಿದೆ.